ಇಳಿಜಾರಿಗೆ ಯಾವ ಗಾಡಿ

ನಾನು ಬೈಲಹೊಂಗಲದಲ್ಲಿ ದನದ ಡಾಕ್ಟರು. ಸರ್ಕಾರಿ ಕೆಲಸವಲ್ಲ, ಸ್ವಂತದ್ದು. ಫೋನು ಬಂದ ಊರಿಗೆ ಗಾಡಿ ತೆಗೆದುಕೊಂಡು ಹೋಗುತ್ತೇನೆ. ಗಾಡಿಯೆಂದರೆ ಆಗ ಒಂದು ಹಳೆಯ ಪಿಕಪ್ ಟ್ರಕ್ಕು. ಹಿಂಭಾಗದಲ್ಲಿ ತಗಡಿನ ಎತ್ತರದ ಡಬ್ಬಿ ಕೂರಿಸಿ, ಅದರೊಳಗೆ ಔಷಧಿಯ ಕಪಾಟು, ನೀರಿನ ಟಾಕಿ, ದೀಪ ಎಲ್ಲ ಮಾಡಿಸಿಕೊಂಡಿದ್ದೆ. ಬೇಸಿಗೆಯಲ್ಲಿ ಅದಕ್ಕೆ ಕುಂದಿಲ್ಲ. ಮಳೆ ಬಿದ್ದರೆ ಮಾತ್ರ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಹಿಂದಿನ ಎರಡೂ ಗಾಲಿಗಳು ನಿಂತಲ್ಲೇ ತಿರುಗುತ್ತಿದ್ದವು. ಸವದತ್ತಿ ಕಡೆಯ ಒಂದು ಊರಿನಲ್ಲಿ ಹಾಗೆ ಸಿಕ್ಕಿಬಿದ್ದು, ನಾನು ನಡೆದು ಮುಟ್ಟುವಷ್ಟರಲ್ಲಿ ಎಮ್ಮೆ ಸತ್ತಿತ್ತು. ಅದರ ಒಡತಿ ನನಗೆ ಕೈಕಾಲು ತೊಳೆಯಲು ನೀರು ಕೊಟ್ಟಳು. ನಾಲ್ಕೂ ಗಾಲಿ ಎಳೆಯುವ ಗಾಡಿ ಬೇಕೆಂದು ನಾನು ಹಟ ಹಿಡಿದದ್ದು ಅವತ್ತಿನಿಂದ.

ನನ್ನ ಗಾಡಿ ನೋಡಿಕೊಳ್ಳುವ ಗ್ಯಾರೇಜಿನ ಮಿಸ್ತ್ರಿ ಎರಡು ಹಳೆಯ ಗಾಡಿಗಳನ್ನು ತರಿಸಿದರು. ನನ್ನ ಡಬ್ಬಿಯನ್ನು ಯಾವುದರ ಮೇಲಾದರೂ ಕೂರಿಸಬಹುದಿತ್ತು. ಒಂದು ಆಲ್ ವೀಲ್: ಅದರಲ್ಲಿ ನಾಲ್ಕೂ ಗಾಲಿಗೆ ಸದಾ ಶಕ್ತಿ ಹೋಗುತ್ತದೆ, ಓಡಿಸುವವರು ಏನೂ ಮಾಡಬೇಕಿಲ್ಲ. ಇನ್ನೊಂದು ಫೋರ್ ವೀಲ್: ಬೇಕಾದಾಗ ಗೇರಿನ ಪಕ್ಕದ ಸಣ್ಣ ಲಿವರ್ ಎಳೆದರೆ ಮಾತ್ರ ಮುಂದಿನ ಗಾಲಿಗಳೂ ಎಳೆಯುತ್ತವೆ, ಇನ್ನೂ ಕೆಳಗೆ ಎಳೆದರೆ ಗಾಡಿ ಎತ್ತಿನ ಬಂಡಿಗಿಂತ ನಿಧಾನ, ಆದರೆ ಬಲ ಬಹಳ. ಒಣ ಡಾಂಬರಿನ ಮೇಲೆ ಲಿವರನ್ನು ಮತ್ತೆ ಮೊದಲಿನ ಜಾಗಕ್ಕೆ ತರಲು ಮರೆತರೆ ಸ್ಟೇರಿಂಗ್ ಬಿಗಿಯುತ್ತದೆ, ಒಳಗಿನ ಗೇರು ಮುರಿಯಲೂಬಹುದು. ಮರೆವಿನ ಭಯ ನನಗೆ ಮೊದಲಿನಿಂದಲೂ ಇದೆ. ಆಲ್ ವೀಲ್ ಸಾಕು ಅಂದೆ. ಅವರು ಅದರ ಮೇಲೆ ಡಬ್ಬಿ ಕೂರಿಸಿ, ಕೆಲವು ದಿನ ಓಡಿಸಿ ನೋಡಿ ಆಮೇಲೆ ಮಾತಾಡೋಣ ಎಂದು ಕೊಟ್ಟರು.

ತೊರಗಲ್ ದಾಟಿ ಒಳಗಿನ ಒಂದು ಹಳ್ಳಿಯಿಂದ ಫೋನು ಬಂತು. ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡಲಾಗಿತ್ತು. ರಾಮದುರ್ಗದಲ್ಲಿರುವ ತಮ್ಮ ತಂಗಿಯ ಮನೆಗೆ ಹೋಗಬೇಕಿದ್ದ ನನ್ನ ಅತ್ತೆ, ಹೇಗೂ ಅದೇ ದಾರಿ ಎಂದು ಚೀಲ ಹಿಡಿದು ಪಕ್ಕದಲ್ಲಿ ಕೂತರು. ಸವದತ್ತಿಯವರೆಗೆ ಬಿಸಿಲಿತ್ತು, ಆಮೇಲೆ ಮಳೆ ಹಿಡಿಯಿತು. ತೋಯ್ದ ಡಾಂಬರಿನ ಮೇಲೆ ಆ ಗಾಡಿ ಎಷ್ಟು ಹಗುರವಾಗಿ ಓಡಿತೆಂದರೆ, ನಾನು ಅತ್ತೆಯ ಮುಂದೆ ಅದನ್ನು ಹೊಗಳಿಕೊಂಡೇ ಬಂದೆ. ತೊರಗಲ್ ಕೋಟೆ ಮಳೆಯ ಹಿಂದೆ ಮಸುಕಾಗಿ ಕಾಣುವಾಗ ಹೊಲದ ದಾರಿಗೆ ತಿರುಗಿದೆ.

ದಾರಿ ಹಳ್ಳದ ಕಡೆಗೆ ಇಳಿಯುತ್ತಿತ್ತು. ಕೆಳಗೆ ಕೆಂಪು ನೀರು ಹರಿಯುತ್ತಿರುವುದು ಕಂಡು ಬ್ರೇಕ್ ಒತ್ತಿದೆ. ಗಾಡಿ ನಿಲ್ಲಲಿಲ್ಲ. ಗಾಲಿಗಳೇನೋ ನಿಂತಿದ್ದವು, ಗಾಡಿ ಜಾರುತ್ತಿತ್ತು. ಇನ್ನೂ ಜೋರಾಗಿ ಒತ್ತಿದೆ. ಹಿಂದಿನ ಟಾಕಿಯ ನೀರು ದಬದಬ ಬಡಿದು, ಎತ್ತರದ ಡಬ್ಬಿ ವಾಲಿ, ಗಾಡಿಯ ಹಿಂಭಾಗ ಪಕ್ಕಕ್ಕೆ ತಿರುಗಿತು. ನೀರು ಈಗ ಎದುರಿಗಿರದೆ ಅತ್ತೆಯ ಕಿಟಕಿಯಲ್ಲಿ ಕಾಣುತ್ತಿತ್ತು. ಸ್ಟೇರಿಂಗನ್ನು ಎತ್ತ ತಿರುಗಿಸಿದರೂ ಅದಕ್ಕೂ ಗಾಲಿಗೂ ಸಂಬಂಧವೇ ಇಲ್ಲದಂತಿತ್ತು. ದಂಡೆಯ ಮೇಲಿನ ಜಾಲಿಗಿಡದ ಬುಡಕ್ಕೆ ಮಧ್ಯಭಾಗ ಬಡಿದು ಗಾಡಿ ನಿಂತಿತು. ಹಿಂದಿನ ಒಂದು ಗಾಲಿಯ ಕೆಳಗಿನ ಮಣ್ಣು ಕುಸಿದು ನೀರಿಗೆ ಬೀಳುವ ಸದ್ದು ಕೇಳಿಸುತ್ತಿತ್ತು.

ನನ್ನ ಕಾಲು ಇನ್ನೂ ಬ್ರೇಕಿನ ಮೇಲೆಯೇ ಇತ್ತು. ತೆಗೆಯಲಾಗುತ್ತಿರಲಿಲ್ಲ.

ಅತ್ತೆ ನನ್ನ ಮೊಣಕಾಲ ಮೇಲೆ ಕೈಯಿಟ್ಟರು. "ಗಾಡಿ ನಿಂತೈತಿ, ಯವ್ವಾ. ಮೊದ್ಲ ನಿನ್ನ ಬಾಗಲಾ ತಗಿ. ನೀ ಇಳದ್ರ ನಾನೂ ಅದ ಕಡಿಯಿಂದ ಇಳಿತೇನಿ."

ಇಳಿದೆ. ಅವರನ್ನು ಕೈಹಿಡಿದು ಎಳೆದುಕೊಂಡೆ. ಇಬ್ಬರೂ ಕೆಸರಿನಲ್ಲೇ ಕೂತೆವು. ಹಸುವಿನ ಮನೆಯವರು ಹಳ್ಳದಾಚೆಯಿಂದ ನಮ್ಮನ್ನು ನೋಡಿ ಓಡಿ ಬಂದರು. ಅವರು ಮೇಲ್ಗಡೆಯ ಸೇತುವೆಯಿಂದ ಸುತ್ತಿ ಕರೆದುಕೊಂಡು ಹೋದ ದಾರಿ ನನಗೆ ನೆನಪಿಲ್ಲ. ಹಸುವಿನ ಹೊಟ್ಟೆಯೊಳಗೆ ಕೈ ಹಾಕಿ ಕರುವಿನ ಕಾಲು ಹುಡುಕಿ ಹೊರಗೆಳೆದೆ. ಕರು ಬದುಕಿತು. ಎಲ್ಲರೂ ನಗುತ್ತಿದ್ದರು, ನಾನು ಗೋಡೆ ಹಿಡಿದು ವಾಂತಿ ಮಾಡಿಕೊಂಡೆ. ಮಳೆ ನಿಂತ ಮೇಲೆ ಟ್ರ್ಯಾಕ್ಟರ್ ಕಟ್ಟಿ ಗಾಡಿ ಎಳೆದರು.

ಮರುದಿನದಿಂದ ನಾನು ಸ್ಟೇರಿಂಗ್ ಮುಟ್ಟಲಿಲ್ಲ. ದೂರದ ಊರಿನ ಫೋನುಗಳಿಗೆ ಏನೋ ನೆಪ ಹೇಳಿದೆ. ಮೋಡ ಕಟ್ಟಿದರೆ ಸಾಕು, ಬಲಗಾಲು ತಾನಾಗಿ ನೆಲಕ್ಕೆ ಒತ್ತುತ್ತಿತ್ತು. ನನ್ನ ಗಂಡ ಸಮಾಧಾನ ಮಾಡಲೆಂದು, ಗಾಡಿಯದೂ ತಪ್ಪಿಲ್ಲ ನಿನ್ನದೂ ತಪ್ಪಿಲ್ಲ, ಹಸಿ ಎರೆಮಣ್ಣಿನಲ್ಲಿ ಬ್ರೇಕ್ ಒತ್ತಿದರೆ ಯಾವ ಗಾಡಿಯಾದರೂ ಜಾರುತ್ತದೆ ಎಂದರು. ಅದನ್ನು ಕೇಳಿ ಹೆದರಿಕೆ ಇನ್ನೂ ಹೆಚ್ಚಾಯಿತು. ಗಾಡಿಯ ತಪ್ಪಾಗಿದ್ದರೆ ಗಾಡಿ ಬದಲಿಸಿದರೆ ಮುಗಿಯುತ್ತಿತ್ತು.

ಮಿಸ್ತ್ರಿಯೂ ಅದನ್ನೇ ಹೇಳಿದರು. ನಿಮ್ಮ ಓಡಾಟ ಬಹುಪಾಲು ಡಾಂಬರಿನ ಮೇಲೆ, ಅದಕ್ಕೆ ಆಲ್ ವೀಲೇ ಒಳ್ಳೆಯದು ಎನ್ನುವುದು ಅವರ ವಾದ. ಆದರೂ ಇನ್ನೊಂದನ್ನು ಒಮ್ಮೆ ನೋಡಿಬಿಡಿ ಎಂದು, ಕಿತ್ತೂರಿನಾಚೆ ಗುಡ್ಡದ ಮಣ್ಣಿನ ದಾರಿಗೆ ಕರೆದುಕೊಂಡು ಹೋದರು. ಹಿಂದಿನ ದಿನದ ಮಳೆಗೆ ದಾರಿ ಇನ್ನೂ ಹಸಿಯಾಗಿತ್ತು. ಇಳಿಜಾರಿನ ತಲೆಯಲ್ಲಿ ನಿಲ್ಲಿಸಿ, ಲಿವರನ್ನು ಕೊನೆಯವರೆಗೆ ಎಳೆಸಿ, ಮೊದಲನೆಯ ಗೇರು ಹಾಕಿಸಿದರು.

"ಈಗ ಎರಡೂ ಕಾಲ ಎತ್ರಿ, ಅಕ್ಕಾರ."

"ಬ್ರೇಕ?"

"ಬ್ಯಾಡ್ರಿ. ಇಂಜಿನ್ನ ಹಿಡಕೊಂಡ ಇಳಸ್ತೈತಿ."

ಎತ್ತಲು ಬಹಳ ಹೊತ್ತು ಬೇಕಾಯಿತು. ಎತ್ತಿದಾಗ ಕಣ್ಣು ಮುಚ್ಚಿಕೊಂಡಿದ್ದೆ. ಅವರು ಕಣ್ಣು ತೆರೆಯಿರಿ ಎಂದು ಮೆಲ್ಲಗೆ ಹೇಳಿದರು. ಗಾಡಿ ಗುರ್ ಎನ್ನುತ್ತ, ಗಬ್ಬದ ಎಮ್ಮೆ ನಡೆದಂತೆ ಇಳಿಯುತ್ತಿತ್ತು. ಸ್ಟೇರಿಂಗ್ ತಿರುಗಿಸಿದತ್ತ ಗಾಲಿ ತಿರುಗಿತು. ಕೆಳಗೆ ಮುಟ್ಟಿದಾಗ ರವಿಕೆಯೆಲ್ಲ ಬೆವರಿನಿಂದ ತೋಯ್ದಿತ್ತು. ಇದನ್ನೇ ಕೊಡಿ ಎಂದೆ. ಲಿವರ್ ಮರೆತರೆ ಎಂದು ಅವರು ಕೇಳಿದರು. ಅಂಜಿದವರು ಮರೆಯುವುದಿಲ್ಲ ಎಂದೆ. ಆಲ್ ವೀಲ್‌ನಲ್ಲಿ ಜಾರುವಾಗ ನನಗೆ ಬ್ರೇಕ್ ಒತ್ತುವುದು ಬಿಟ್ಟು ಬೇರೆ ಕೆಲಸವೇ ಇರಲಿಲ್ಲ. ಇದರಲ್ಲಿ ಇಳಿಯುವ ಮೊದಲು ನಿಲ್ಲಬೇಕು, ನೋಡಬೇಕು, ಕೈಯಾರೆ ಒಂದು ಕೆಲಸ ಮಾಡಬೇಕು. ಅಷ್ಟು ನನಗೆ ಬೇಕಾಗಿತ್ತು.

ಡಬ್ಬಿಯ ಎತ್ತರ ಕಡಿಮೆ ಮಾಡಿಸಿದೆ. ಟಾಕಿಯನ್ನು ಕೆಳಗೆ ಕೂರಿಸಿ, ನೀರು ಹೊಯ್ದಾಡದಂತೆ ಒಳಗೆ ಅಡ್ಡ ತಗಡು ಹಾಕಿಸಿದೆ.

ಮುಂದಿನ ಮಳೆಗೆ ಸಂಪಗಾಂವದಿಂದ ಫೋನು ಬಂತು. ಹೊಲದ ಇಳಿಜಾರಿನ ಮೇಲೆ ಗಾಡಿ ನಿಲ್ಲಿಸಿ, ಇಳಿದು, ಚಪ್ಪಲಿಯಿಂದ ಮಣ್ಣು ಒತ್ತಿ ನೋಡುತ್ತಾ ನಿಂತೆ. ಕರೆಯಲು ಬಂದ ರೈತರೊಬ್ಬರಿಗೆ ಇದು ಅರ್ಥವಾಗಲಿಲ್ಲ. ಯಾಕೆ ನಿಂತಿರಿ ಎಂದು ಕೇಳಿದರು.

"ಅಂಜಿಕಿ ಬರತೈತ್ರಿ," ಅಂದೆ.

ಅವರು ನಗಲಿಲ್ಲ. "ಹಂಗಾರ ನಾ ಮುಂದ ನಡೀತೇನ್ರಿ. ನೀವು ನನ್ನ ಹಿಂದ ಬರ್ರಿ," ಎಂದು ಟವೆಲ್ ತಲೆಗೆ ಸುತ್ತಿಕೊಂಡು ಗಾಡಿಯ ಎದುರಿಗೇ ಇಳಿಯತೊಡಗಿದರು. ಈಗ ಜಾರಿದರೆ ಅವರ ಮೇಲೆಯೇ ಹಾಯುತ್ತೇನೆಂಬ ಹೊಸ ಭಯ ಹುಟ್ಟಿತು. ಹಾರ್ನ್ ಹೊಡೆದು ಬದುವಿನ ಮೇಲೆ ಹೋಗಿರೆಂದು ಕೈಮುಗಿದೆ. ಅವರು ಬದು ಹತ್ತಿದ ಮೇಲೆ ಲಿವರ್ ಎಳೆದು, ಕಾಲೆತ್ತಿ ಇಳಿದೆ. ಇಳಿಯುವಷ್ಟು ಹೊತ್ತೂ ಹಲ್ಲು ಕಟಕಟ ಎನ್ನುತ್ತಿದ್ದವು.

ಕೊಟ್ಟಿಗೆಯಲ್ಲಿ ಎತ್ತು ಮೂರು ಕಾಲಿನ ಮೇಲೆ ನಿಂತು ಮೆಲುಕು ಹಾಕುತ್ತಿತ್ತು. ಗೊರಸಿನಲ್ಲಿ ತಂತಿಯ ತುಂಡು ಚುಚ್ಚಿಕೊಂಡಿತ್ತು. ಅದನ್ನು ಕಿತ್ತು, ಔಷಧಿ ಹಾಕಿ, ಪಟ್ಟಿ ಕಟ್ಟಿದೆ. ಮನೆಯವರು ಚಹಾ ಕೊಟ್ಟರು. ಇನ್ನೊಂದು ಮಳೆ ಬರುವುದರೊಳಗೆ ಆ ಇಳಿಜಾರನ್ನು ಹತ್ತಿಬಿಡಬೇಕೆಂದು, ಚಹಾವನ್ನು ಬಿಸಿಬಿಸಿಯಾಗಿಯೇ ಕುಡಿದು ಹೊರಟೆ.