ಅಜ್ಜಿ ಹೇಳಿದ ಖಲಾಸ್

ಲೀನಾ, ಉಮ್ಮ್ ಹಮದ್ ಅಜ್ಜಿಯ ಶೇರುಗಳನ್ನು ಮಾರಲು ನೀನು ನನಗೆ ಹೇಳಿರಲಿಲ್ಲ. ಹೇಳಿದೆ ಎಂದು ಮ್ಯಾನೇಜರರ ಮುಂದೆ ಸುಳ್ಳಾಡಿದವನು ನಾನು — ನಿನ್ನ ಪಕ್ಕದ ಮೇಜಿನವನು, ದಿನಾ ನಿನ್ನ ಡಬ್ಬಿಯ ನೀರುದೋಸೆಗೆ ಕೈಹಾಕುತ್ತಿದ್ದವನು.

ದೋಹಾದಲ್ಲಿ ಶೇರು ಮಾರುಕಟ್ಟೆ ಕಣ್ಣುಬಿಟ್ಟ ಹೊಸತು. ಅದಕ್ಕೆ ಮೊದಲು ಶೇರುಗಳು ಚಹಾ ಕುಡಿಯುತ್ತ ಬಾಯಿಮಾತಿನಲ್ಲೇ ಕೈಬದಲಾಗುತ್ತಿದ್ದವು. ಈಗ ಒಂದು ಹಾಲ್, ಒಂದು ಬಿಳಿ ಬೋರ್ಡು, ಅದರ ಮೇಲೆ ಪೆನ್ನಿನಲ್ಲಿ ಬರೆದ ಬೆಲೆ. ಅಲ್ ಸದ್ದ್‌ನ ನಮ್ಮ ಪುಟ್ಟ ಬ್ರೋಕರ್ ಆಫೀಸಿನಲ್ಲಿ ಫೋನು ನಿನ್ನದು, ಹಾಲ್‌ಗೆ ಓಡುವ ಕಾಲು ನನ್ನದು. ಅರಬ್ಬಿ ಬರುತ್ತಿದ್ದವಳು ನೀನೊಬ್ಬಳೇ.

ತೀರಿಹೋದ ಗಂಡನ ಶೇರುಗಳನ್ನು ಮಾರಲೋ ಬೇಡವೋ ಎಂದು ಅಜ್ಜಿ ವಾರವಿಡೀ ಹೊಯ್ದಾಡಿದ್ದರು. ಆ ಬೆಳಿಗ್ಗೆ ಫೋನಿಟ್ಟು ನೀನು ಅಂದದ್ದು ಇಷ್ಟೇ — "ಅಜ್ಜಿ ಖಲಾಸ್ ಹೇಳಿದ್ರು ಮಾರಾಯ." ಸಾಕು, ಮಾರುವುದು ಬೇಡ, ಬಿಟ್ಟುಬಿಡಿ ಎನ್ನುವ ಅರಬ್ಬಿಯ ಖಲಾಸ್ ಅದು. ನನ್ನ ಕಿವಿಗೆ ಬಿದ್ದದ್ದು ಮಾತ್ರ ನಮ್ಮೂರಿನ ಖಲಾಸ್ — ಮಧ್ಯಾಹ್ನದ ಹೊತ್ತಿಗೆ ಬುಟ್ಟಿಯ ಮೀನು ಖಲಾಸ್ ಆಗುತ್ತದಲ್ಲ, ಹಾಗೆ. ಇದ್ದದ್ದನ್ನೆಲ್ಲ ಮಾರಿ ಬಂದೆ. ಬಂದು ಶಹಬ್ಬಾಸ್‌ಗೆ ಬೇರೆ ಕಾದೆ.

ಸಂಜೆ ಅಜ್ಜಿ ಆಫೀಸಿಗೇ ಬಂದು ಅತ್ತರು. ತಪ್ಪು ಎಲ್ಲಿ ಆಯಿತೆಂದು ಅಷ್ಟರಲ್ಲಿ ನನಗೆ ಹೊಳೆದಿತ್ತು. ಮ್ಯಾನೇಜರ್ ಕೇಳಿದಾಗ — ನನ್ನ ಹೆಂಡತಿಯ ವೀಸಾ ಆಗ ತಾನೇ... ಅಲ್ಲ, ಅದು ನೆಪ, ಹೇಳಬಾರದು. "ಎಲ್ಲ ಮಾರ್ಲಿಕ್ಕೆ ಲೀನಾ ಹೇಳಿದ್ದು," ಎಂದುಬಿಟ್ಟೆ. ನೀನು ಜಗಳವಾಡುತ್ತೀಯೆಂದು ಹೆದರಿದ್ದೆ. ನೀನು ನನ್ನನ್ನು ನಂಬಿದೆ. "ನಾನೇ ಬಾಯಿ ತಪ್ಪಿ ಹೇಳಿದ್ನೋ ಏನೋ" — ಇದು ನಿನ್ನ ಮಾತು, ಎಷ್ಟು ಮೆಲ್ಲಗೆ. ಸ್ವಲ್ಪ ದಿನಕ್ಕೇ ನಿನ್ನನ್ನು ಊರಿಗೆ ಕಳಿಸಿದರು.

ಇಷ್ಟು ವರ್ಷಗಳ ಮೇಲೆ ಈಗ ನಿನ್ನ ಮಗಳು, ಮುಶೈರಿಬ್‌ಗೆ ಸ್ಥಳಾಂತರವಾದ ನಮ್ಮ ಆಫೀಸಿಗೆ ಸೇರಿದ್ದಾಳೆ. ಅಂಕಲ್ ಅಂಕಲ್ ಎಂದು ನನ್ನ ಹಿಂದೆಯೇ ಸುತ್ತುತ್ತಾಳೆ. ಯಾರು ಏನು ಹೇಳಿದರೂ ಮತ್ತೆ ಮತ್ತೆ ಕೇಳುತ್ತಾಳೆ. ಯಾಕಮ್ಮಾ ಎಂದರೆ, ಮಮ್ಮಿ ಒಮ್ಮೆ ತಪ್ಪು ಹೇಳಿ ಒಬ್ಬ ಅಜ್ಜಿ ಅಳುವಂತಾಯಿತಂತೆ; ಮಮ್ಮಿಗೆ ಇಂದಿಗೂ ತನ್ನ ಮಾತಿನ ಮೇಲೆ ತನಗೇ ನಂಬಿಕೆಯಿಲ್ಲವಂತೆ. ನಾನು ಕಿತ್ತುಕೊಂಡದ್ದು ನಿನ್ನ ಕೆಲಸವನ್ನಷ್ಟೇ ಎಂದುಕೊಂಡಿದ್ದೆ, ಲೀನಾ. ತುಂಬಾ ನಾಚಿಕೆಯಾಯಿತು.

ನಿನ್ನೆ ಅವಳಿಗೆ ಎಲ್ಲ ಹೇಳಿದೆ. "ಇದನ್ನು ಮಮ್ಮಿಗೆ ನೀವೇ ಹೇಳ್ಬೇಕು, ಸರ್," ಎಂದಳು. ಅಂಕಲ್ ಎನ್ನಲಿಲ್ಲ.

ಹೇಳುತ್ತಿದ್ದೇನೆ. ಆ ಬೆಳಿಗ್ಗೆ ನೀನು ಕೇಳಿಸಿಕೊಂಡದ್ದೂ ಸರಿ, ನನಗೆ ಹೇಳಿದ್ದೂ ಸರಿ.