ಏರೋಕೆ ಕೆಂಪು ಬೊಟ್ಟು, ಇಳಿಯೋಕೆ ಕರಿ ಬೊಟ್ಟು

ನನಗಾಗ ನಲವತ್ತಾರು. ಇಪ್ಪತ್ತೇಳು ವರ್ಷವಾಯಿತು. ಹೋದ ವಾರ ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಬರುವ ಬಸ್ಸಿನಲ್ಲಿ ಪಕ್ಕ ಕೂತವನ ಮೈಯಿಂದ ಮಹಾನಾರಾಯಣ ತೈಲದ ವಾಸನೆ ಬಂತು. ಆ ವಾಸನೆಗೆ ಮೂಗು ಮುಚ್ಚುವವರೇ ಜಾಸ್ತಿ. ನನಗೆ ಮಾತ್ರ ವಿಮಾನ ನೆನಪಾಯಿತು...

ನಮ್ಮ ಬೀದಿಯ ಕೊನೆ ಮನೆಯವರು ವಿಮಾನದ ಮಿಲಿಟರಿಯಲ್ಲಿ ಮೆಕ್ಯಾನಿಕ್ಕಾಗಿದ್ದು ರಿಟೈರಾಗಿ ಬಂದವರು. ಊರಿಗೆಲ್ಲ ಮಿಲ್ಟ್ರಿ ಅಣ್ಣ. ಜೀವಮಾನವೆಲ್ಲ ವಿಮಾನದ ಹೊಟ್ಟೆ ಬಿಚ್ಚಿ ಕಟ್ಟಿದರೂ, ಹಾರಿಸುವ ಜಾಗದಲ್ಲಿ ಒಂದು ದಿನ ಕೂತವರಲ್ಲ. ಊರಿಗೆ ಬಂದ ಸ್ವಲ್ಪ ದಿನಕ್ಕೇ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದವು. ಹೆಂಡತಿ ದಿನಾ ತಿಕ್ಕುತ್ತಿದ್ದ ಮಹಾನಾರಾಯಣ ತೈಲ ಮನೆಯೆಲ್ಲ ನಾರುತ್ತಿತ್ತು. ನಡೆಯದೇ ಇದ್ದರೆ ಆ ಕಾಲು ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹೆಂಡತಿ ಎಷ್ಟು ಬೇಡಿಕೊಂಡರೂ ಮನುಷ್ಯ ಹೊಸಲು ದಾಟಲಿಲ್ಲ. ತಾನು ಕಾಲೆಳೆಯುವುದನ್ನು ಬೀದಿ ನೋಡಬಾರದು. ಅದೇ ಹಟ.

ಅಳಿಯ ತಂದಿಟ್ಟ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟವಿತ್ತು. ಹಗಲೆಲ್ಲ ಅದರ ಮುಂದೆಯೇ. ಎಡಗೈಯಲ್ಲಿ ಒಂದು ಹಿಡಿಕೋಲು. ಬಗ್ಗಿಸಿದರೆ ವಿಮಾನ ಬಾಗುತ್ತಿತ್ತು, ತಿರುಚಿದರೆ ಬಾಲ ತಿರುಗುತ್ತಿತ್ತು. ಕಾಲು ಮಾಡಬೇಕಾದ ಕೆಲಸವನ್ನೂ ಕೈಗೇ ಹಚ್ಚಿದ್ದರು. ಇಂಜಿನ್ನಿನ ವೇಗದ ಗುಂಡಿ ಒತ್ತುವುದಕ್ಕೆ ಮಾತ್ರ ಇನ್ನೊಂದು ಕೈ ಬೇಕಿತ್ತು. ಹಾಲು ಕೊಡಲು ಹೋದ ನನ್ನನ್ನು ಹಿಡಿದು ಕೂರಿಸಿದರು.

"ನಂಗೆ ಇಂಗ್ಲೀಸ್ ಅಕ್ಸರ ಬರಕಿಲ್ಲ ಕಣಣ್ಣ," ಅಂದೆ.

"ಅಕ್ಸರ ಯಾರ್ ಕೇಳುದ್ರು ನಿನ್ನ? ಬೊಟ್ಟು ಗೊತ್ತಲ್ಲ?" ಅಂದರು.

ಹೆಂಡತಿಯ ಸ್ಟಿಕ್ಕರ್ ಬೊಟ್ಟು ತರಿಸಿ ಗುಂಡಿಗಳಿಗೆ ಅಂಟಿಸಿದರು. ಕೆಂಪು ಒತ್ತಿದರೆ ವೇಗ ಏರುವುದು, ಕರಿ ಒತ್ತಿದರೆ ಇಳಿಯುವುದು. ಎಡ ಇಂಜಿನ್ನಿಗೆ ಒಂದು ಜೊತೆ, ಬಲಕ್ಕೆ ಒಂದು ಜೊತೆ.

ಆ ಮನುಷ್ಯನ ತಲೆ ನೋಡಬೇಕಿತ್ತು. ವಿಮಾನ ಬದಲಾಯಿಸಿದಾಗಲೆಲ್ಲ ಆಟದೊಳಗೆ ಹೊಕ್ಕು ಸೆಟ್ಟಿಂಗು ತಿದ್ದುತ್ತಿದ್ದರು. ಸಣ್ಣದು ಹೋರಿಗರು, ಮುಟ್ಟಿದರೆ ಚಿಮ್ಮುತ್ತಿತ್ತು. ಅದಕ್ಕೆ ಕೋಲನ್ನು ಮಂದ ಮಾಡುತ್ತಿದ್ದರು. ದೊಡ್ಡದು ಎಮ್ಮೆ, ಅದಕ್ಕೆ ಚುರುಕು. ಒಂದೇ ಇಂಜಿನ್ನಿನದಾದರೆ ಯಾವ ಕೆಂಪು ಒತ್ತಿದರೂ ಏರುವ ಹಾಗೆ. ಹೆಲಿಕಾಪ್ಟರು ಮಾತ್ರ ನಮ್ಮಿಬ್ಬರಿಗೂ ಬಗ್ಗಲಿಲ್ಲ. ಯಾವ ವಿಮಾನ ಬರಲಿ, ನನ್ನ ಬೆರಳು ಹೊಸದಾಗಿ ಏನೂ ಕಲಿಯಬೇಕಾಗಿರಲಿಲ್ಲ. ನನಗೋಸ್ಕರ ಇಷ್ಟು ತಲೆ ಓಡಿಸಿದ ಗಂಡಸು ಇನ್ನೊಬ್ಬನಿಲ್ಲ. ನನ್ನ ಗಂಡನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಆದರೆ ಅವರ ಕಣ್ಣೆಲ್ಲ ಎರಡು ಇಂಜಿನ್ನಿನ ದೊಡ್ಡದರ ಮೇಲೆ. ಆಕಾಶದಲ್ಲಿ ಒಂದು ಇಂಜಿನ್ನು ಬೇಕೆಂದೇ ನಿಲ್ಲಿಸಿ, ಉಳಿದ ಒಂದರಲ್ಲೇ ನೆಲಕ್ಕೆ ಇಳಿಸಬೇಕು. ನಿಲ್ಲಿಸುತ್ತಿದ್ದದ್ದು ಯಾವಾಗಲೂ ಬಲಗಡೆಯದು. ಯಾಕೆ ಎಂದು ನಾನು ಕೇಳಲಿಲ್ಲ.

"ಇದ್ನ ಇಳಿಸ್ಬುಟ್ಟೆ ಅಂದ್ರೆ ಬೀದಿಗೆ ಬತ್ತೀನಿ, ಸುಮ್ಕಿರು," ಎಂದು ಒಂದು ದಿನ ಹೆಂಡತಿಗೆ ಮಾತು ಕೊಟ್ಟರು. ಆ ತಾಯಿ ನನ್ನ ಕೈ ಹಿಡಿದುಕೊಂಡು, "ಎಂಗಾರ ಮಾಡಿ ಇಳ್ಸವ್ವ," ಅಂದಳು.

ಇಳಿಸುವುದೇನು, ದಿನಾ ಬೀಳಿಸುತ್ತಿದ್ದೆ. ನಾನು ಫ್ಯಾಕ್ಟರಿಗೆ ಕಬ್ಬಿನ ಗಾಡಿ ಹೊಡೆದವಳು. ಗಾಡಿ ಬಲಕ್ಕೆ ಎಳೆದರೆ ಬಲಗಡೆ ಎತ್ತು ಹಿಂದೆ ಬಿದ್ದಿದೆ ಎಂದು ಅರ್ಥ. ಅದರ ಬಾಲ ಮುರಿಯಬೇಕು. ವಿಮಾನ ಬಲಕ್ಕೆ ಎಳೆದ ಕೂಡಲೇ ನನ್ನ ಬೆರಳು ಬಲಗಡೆಯ ಕೆಂಪು ಬೊಟ್ಟನ್ನೇ ತಿವಿಯುತ್ತಿತ್ತು. ಅಷ್ಟರಲ್ಲಿ ವಿಮಾನ ಮಗುಚಿಕೊಳ್ಳುತ್ತಿತ್ತು.

"ಸತ್ತ ಎತ್ತಿನ ಬಾಲ ಯಾಕಮ್ಮಿ ಮುರೀತೀಯ? ಎದ್ ಬಂದದಾ ಅದು?"

"ಆ ಕಡೀಕ್ ಎಳೀತದಲ್ಲ!"

"ಬದುಕಿರೋದು ಎಗರಾಡ್ತದೆ, ಅದುಕ್ಕೇ ಎಳೀತದೆ. ಅದ್ರ ಅಗ್ಗ ಇಡ್ದು ಜಗ್ಗು. ಸತ್ತಿದ್ದುನ್ನ ಅದ್ರ ಪಾಡಿಗ್ ಬುಡು."

ಮೊದಲೇ ಹೀಗೆ ಹೇಳಿದ್ದರೆ ಆಗುತ್ತಿರಲಿಲ್ಲವೆ? ಆವತ್ತು ಎಡಗಡೆಯ ಕರಿ ಬೊಟ್ಟನ್ನು ಒಂದೊಂದೇ ಸಲ, ಮೂಗುದಾರ ಜಗ್ಗುವ ಹಾಗೆ ಒತ್ತುತ್ತಾ ಹೋದೆ. ಅವರು ಕೋಲನ್ನು ತಿರುಚಿ ಹಿಡಿದಿದ್ದರು. ಹಣೆಯ ಬೆವರು ಕಣ್ಣಿಗೆ ಇಳಿದರೂ ಒರೆಸಲು ಕೈಯಿರಲಿಲ್ಲ. ಹೆಂಡತಿ ಸೆರಗಿನಿಂದ ಒರೆಸಿದಳು. ವಿಮಾನ ಎರಡು ಸಲ ಕುಪ್ಪಳಿಸಿ, ಓಡಿ, ನಿಂತಿತು.

"ಇಳೀತಲ್ಲಣ್ಣ. ಇನ್ನು ನೀವು ಇಳೀರಿ," ಅಂದೆ.

"ನಾಳೀಕ್ ನೋಡವ ಬುಡು," ಎಂದು ಮುಖ ತಿರುಗಿಸಿದರು. ವಿಮಾನಕ್ಕೆ ಹೆದರದವರು ಬೀದಿಗೆ ಹೆದರಿದರು.

ಕೊನೆಗೆ ನಡೆದರು. ಕೋಲೂರಿಕೊಂಡು ಅರಳಿಕಟ್ಟೆಯವರೆಗೆ ದಿನಾ ಹೋಗಿಬರುತ್ತಿದ್ದರು. ಆಮೇಲೆ ನಾಗಮಂಗಲದ ಮಗಳ ಮನೆಗೆ ಹೋದವರು ಅಲ್ಲೇ ತೀರಿಕೊಂಡರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು, ಮುಖ ಸಿಗಲಿಲ್ಲ. ಈಗ ಆ ಮನೆಯೂ ಇಲ್ಲ, ಕೆಡವಿ ಸಿಮೆಂಟಿನ ಅಂಗಡಿ ಮಾಡಿದ್ದಾರೆ. ಅಂಥ ಮನುಷ್ಯ ಮತ್ತೆ ಸಿಗುವುದಿಲ್ಲ. ಇಲ್ಲ ಅಂದರೆ ಇಲ್ಲ...

ಆದರೆ ಅವರು ತಾವಾಗಿಯೇ ಹೊಸಲು ದಾಟಿದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಿಮಾನ ಇಳಿಸಿದ ಮಾರನೇ ದಿನ ಬೆಳಿಗ್ಗೆ ನಾನು ಅವರ ಮನೆಯೊಳಕ್ಕೆ ಹೋಗಲಿಲ್ಲ. ಹಾಲಿನ ಕ್ಯಾನನ್ನು ನಡುಬೀದಿಯಲ್ಲಿ ಇಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತು, ಆಚೆ ಬೀದಿಗೂ ಕೇಳುವ ಹಾಗೆ ಕೂಗಿದೆ:

"ಮಿಲ್ಟ್ರಿ ಅಣ್ಣಾ, ಆಲು ಬೇಕಾದ್ರೆ ನೀವೇ ಬಂದು ಇಸ್ಕೊಂಡೋಗಿ!"