ಮುಳ್ಳು ನಡುವಿನಲ್ಲೇ ಇತ್ತು

ಶಶಿಕಲಕ್ಕ, ನೀವು ಅಂದು ಹೇಳಿದ್ದು ಸತ್ಯ. ಕಾರಿನ ಬಿಸಿ ತೋರಿಸುವ ಮುಳ್ಳು ಮೇಲೆ ಹೋಗಿರಲೇ ಇಲ್ಲ. ಅದು ನನಗೆ ಗೊತ್ತಿತ್ತು — ಗೊತ್ತಿದ್ದೂ ನಿಮ್ಮ ಮಾತನ್ನು ಸುಳ್ಳು ಮಾಡಿದೆ. ಏಳು ವರ್ಷವಾಯಿತು.

ನೀವು ಕಾರು ಕಲಿತದ್ದು ನಲವತ್ತೆರಡನೇ ವಯಸ್ಸಿನಲ್ಲಿ. ಜೆಪ್ಪುವಿನ ಮನೆಯಿಂದ ವಾಮಂಜೂರಿನ ಶಾಲೆಗೆ ಪಾಠ ಮಾಡಲು ನೀವೇ ಕಾರು ಬಿಟ್ಟುಕೊಂಡು ಹೋಗುತ್ತಿದ್ದಿರಿ. ಒಮ್ಮೆ ಬೈಕಂಪಾಡಿಯ ನನ್ನ ಗ್ಯಾರೇಜಿಗೆ ಬಂದಾಗ, ನೀವು ಗೇರ್ ಹಾಕುವುದನ್ನು ನೋಡಿ "ಅಕ್ಕ, ಸುಧಾಕರಣ್ಣನಿಗಿಂತ ನೀವೇ ವಾಸಿ" ಎಂದಿದ್ದೆ. ಗಂಡನಿಗೆ ಹೇಳುತ್ತೇನೆ ಎಂದು ಎಷ್ಟು ನಕ್ಕಿದ್ದಿರಿ!

ಆಮೇಲೆ ಇಂಜಿನ್ನನ್ನು ತಣ್ಣಗಿಡುವ ನೀರು, ಕೂಲಂಟ್, ಸೋರತೊಡಗಿತು. ಸುಧಾಕರಣ್ಣ ಕಾರು ತಂದು ಬಿಟ್ಟುಹೋದರು. ಬಾನೆಟ್ ಎತ್ತಿ ಹುಡುಕಿದೆ. ಇಂಜಿನ್ನಿನ ಹಿಂಬದಿಯಲ್ಲಿ, ಇಕ್ಕಟ್ಟಿನ ಸಂದಿಯೊಳಗೆ, ಮೊಣಕೈಯಂತೆ ಬಾಗಿದ ಒಂದು ಪ್ಲಾಸ್ಟಿಕ್ ಪೈಪು — ಹೆಬ್ಬೆರಳಿನಷ್ಟು ಉದ್ದವಿಲ್ಲ — ಅದರಲ್ಲಿ ಸಣ್ಣ ಬಿರುಕು. ಕನ್ನಡಿ ಹಿಡಿದರೆ ಕಾಣುತ್ತದೆ, ಕೈ ಹೋಗುವುದಿಲ್ಲ. ಹೋಗಬೇಕಾದರೆ ಇಂಜಿನ್ನಿನ ಮೇಲ್ಭಾಗವನ್ನೆಲ್ಲ ಬಿಚ್ಚಬೇಕು, ಇಡೀ ದಿನದ ಕೆಲಸ. ಎರಡು ಸಲ ಕೈ ತುರುಕಿದೆ, ಬೆರಳಿನ ಗೆಣ್ಣು ತರಚಿಹೋಯಿತು. ಸಿಟ್ಟು ಬಂತು. ಯಾರ ಮೇಲೆ? ಒಂದು ಪೈಪಿನ ಮೇಲೆ! ಆ ಸಿಟ್ಟಿನಲ್ಲೇ ಪಕ್ಕದ ಕ್ಯಾಂಟೀನಿನಿಂದ ಎರಡು ಚಮಚ ಅರಸಿನ ಹುಡಿ ತಂದು ರೇಡಿಯೇಟರಿಗೆ ಸುರಿದೆ.

ಇದು ಹಳೆಯ ಲಾರಿಯವರ ಉಪಾಯ. ಹುಡಿ ಬಿಸಿನೀರಿನಲ್ಲಿ ಉಬ್ಬಿ ಬಿರುಕಿನಲ್ಲಿ ಕೂತುಬಿಡುತ್ತದೆ, ದಾರಿಯಲ್ಲಿ ಸಿಕ್ಕಿಬಿದ್ದವನು ಹೇಗಾದರೂ ಊರು ಮುಟ್ಟಬಹುದು. ಊರು ಮುಟ್ಟುವಷ್ಟು ಮಾತ್ರ. ಸುಧಾಕರಣ್ಣನಿಗೆ ನಾನು "ಹೊಸ ಪೈಪ್ ಹಾಕಿದ್ದೇನೆ, ಇನ್ನು ಹೆದರ್ಲಿಕ್ಕಿಲ್ಲ" ಎಂದೆ.

ಮುಂದಿನ ಹತ್ತು ದಿನ — ಹೇಗೆ ಹೇಳಲಿ. ಫೋನ್ ರಿಂಗಾದರೆ ಮೊದಲು ನಿಮ್ಮ ಮನೆಯ ನಂಬರೋ ಎಂದು ನೋಡುತ್ತಿದ್ದೆ. ಏನಾದರೂ ನೆಪ ಹೇಳಿ ಕಾರು ತರಿಸೋಣ ಎಂದು ಎರಡು ಸಲ ನಂಬರ್ ಒತ್ತಿದೆ, ಎರಡು ಸಲವೂ ಕಟ್ ಮಾಡಿದೆ. ಬೆಳಿಗ್ಗೆ ನೀವು ಹೊರಡುವ ಹೊತ್ತಿಗೆ ಗಡಿಯಾರ ನೋಡುತ್ತಿದ್ದೆ. ಈಗ ನಂತೂರು ದಾಟಿರಬಹುದು, ಈಗ ಕುಲಶೇಖರದ ಏರು — ಶಾಲೆ ಮುಟ್ಟಿರಬಹುದು ಎನಿಸಿದ ಮೇಲೆಯೇ ಚಹಾ ಕುಡಿಯುತ್ತಿದ್ದೆ.

ಹನ್ನೊಂದನೆಯ ದಿನ ಆ ಏರಿನಲ್ಲೇ ಇಂಜಿನ್ ಜಾಮ್ ಆಗಿ ಕಾರು ನಿಂತಿತು. ಹಿಂದೆ ಬಸ್ಸು. ಯಾ ಅಲ್ಲಾಹ್, ಅದರ ಡ್ರೈವರ್ ಹೇಗೋ ಬ್ರೇಕ್ ಹಾಕಿದ.

ಕಾರನ್ನು ಎಳೆಸಿಕೊಂಡು ನೀವಿಬ್ಬರೂ ಗ್ಯಾರೇಜಿಗೆ ಬಂದಿರಿ. ರೇಡಿಯೇಟರಿನ ಮುಚ್ಚಳ ತೆಗೆದೆ. ಒಳಗೆ ಹನಿ ನೀರಿಲ್ಲ, ಬಾಯಿಯ ಅಂಚಿನಲ್ಲಿ ಹಳದಿ ಕೆಸರು. ನೀವು ಹತ್ತಿರ ಬರುವ ಮೊದಲೇ ಅದನ್ನು ಬಟ್ಟೆಯಿಂದ ಒರೆಸಿಬಿಟ್ಟೆ.

"ನೀರು ಖಾಲಿ ಆಗುವವರೆಗೆ ನೀನು ಎಂತ ನೋಡ್ತಾ ಇದ್ದದ್ದು?" ಸುಧಾಕರಣ್ಣ ನಿಮ್ಮನ್ನು ಕೇಳಿದರು.

"ನೋಡ್ತಾ ಇದ್ದೆ ಮಾರಾಯ್ರೆ. ಮುಳ್ಳು ನಡುವಿನಲ್ಲೇ ಇತ್ತು."

"ಹಮೀದ್, ನೀನೇ ಹೇಳು. ಇಂಜಿನ್ ಸುಟ್ಟು ಹೋಗುವಾಗ ಮುಳ್ಳು ನಡುವಿನಲ್ಲಿ ನಿಲ್ತದಾ?"

ನಿಲ್ಲುತ್ತದೆ. ಮುಳ್ಳಿಗೆ ಸುದ್ದಿ ಕೊಡುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಅದಕ್ಕೆ ಬಿಸಿ ತಿಳಿಯುವುದು. ನೀರೇ ಇಲ್ಲದಿದ್ದರೆ ಏನೂ ತಿಳಿಯದೆ ಹೋಗಬಹುದು. ಅದನ್ನು ಹೇಳಿದ್ದರೆ ನಿಮ್ಮ ಮೇಲಿನ ತಪ್ಪು ಹೋಗಿ, ನೀರು ಎಲ್ಲಿಂದ ಸೋರಿತು ಎಂಬ ಪ್ರಶ್ನೆ ಮಾತ್ರ ಉಳಿಯುತ್ತಿತ್ತು. ಅದಕ್ಕೆ ಹೆದರಿದೆ.

"ಮೇಲೆ ಹೋಗ್ಲೇಬೇಕು ಅಣ್ಣ," ಎಂದೆ. "ಬೇರೆ ಯಾವುದೋ ಪೈಪ್ ಒಡೆದಿರ್ಬೇಕು. ಕೂಡ್ಲೇ ನಿಲ್ಲಿಸಿದ್ರೆ ಇಂಜಿನ್ ಉಳೀತಿತ್ತು. ಅಕ್ಕ ಮುಳ್ಳು ನೋಡಿರ್ಲಿಕ್ಕಿಲ್ಲ."

ನೀವು ನನ್ನ ಮುಖವನ್ನೇ ನೋಡಿದಿರಿ. ಆಮೇಲೆ ಕೀಯನ್ನು ನನ್ನ ಮೇಜಿನ ಮೇಲಿಟ್ಟು ಹೊರಗೆ ಹೋಗಿ ನಿಂತಿರಿ. ಮತ್ತೆ ಸ್ಟಿಯರಿಂಗ್ ಹಿಡಿಯಲಿಲ್ಲ. ಎರಡು ಬಸ್ಸು ಬದಲಿಸಿ ಶಾಲೆಗೆ ಹೋಗುತ್ತೀರಿ ಎಂದು ತಿಳಿಯಿತು. ಇಂಜಿನ್ ಸರಿಮಾಡಿ ಕೊಟ್ಟ ದಿನ ಸುಧಾಕರಣ್ಣ ನನ್ನ ಬೆನ್ನು ತಟ್ಟಿದರು. ಥೂ, ತಟ್ಟಿಸಿಕೊಂಡು ನಿಂತೆನಲ್ಲ!

ಕಳೆದ ವಾರ ನಿಮ್ಮ ಮಗಳು ನಿಶ್ಮಿತಾ ತನ್ನ ಕಾರನ್ನು ಸರ್ವಿಸಿಗೆ ತಂದಿದ್ದಳು. ಅಮ್ಮನಿಗೂ ಸ್ವಲ್ಪ ಬಿಡಲು ಕೊಡು ಎಂದು ಮಾತಿಗೆ ಹೇಳಿದೆ. ಅವಳು ನಕ್ಕಳು.

"ಕೊಟ್ರೂ ಅಮ್ಮ ಮುಟ್ಟುದಿಲ್ಲ ಹಮೀದ್ ಭಾಯ್. ಮುಳ್ಳು ನಡುವಿನಲ್ಲಿ ಇದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟಂತೆ. ಆದ್ರೆ ಹಮೀದ್ ಸುಳ್ಳು ಹೇಳುವವ ಅಲ್ಲ, ನನ್ನ ಕಣ್ಣನ್ನೇ ನಂಬ್ಲಿಕ್ಕಾಗುದಿಲ್ಲ ಅಂತಾರೆ."

ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅಕ್ಕ. ನೀವು ನನ್ನನ್ನು ನಂಬಿ ನಿಮ್ಮನ್ನೇ ನಂಬುವುದು ಬಿಟ್ಟಿರಿ. ಅವಳು ಹೋದ ಮೇಲೆ ಆ ದಿನ ನನಗೆ ಒಂದು ನಟ್ಟನ್ನೂ ಬಿಗಿಯಲಾಗಲಿಲ್ಲ.

ಅಂದು ಇಂಜಿನ್ ಬಿಚ್ಚಿದಾಗ ತೆಗೆದ ಆ ಪೈಪನ್ನು ನಾನು ಎಸೆದಿಲ್ಲ. ಟೂಲ್ ಬಾಕ್ಸಿನ ತಳದಲ್ಲಿದೆ. ಬಿರುಕಿನಲ್ಲಿ ಅರಸಿನ ಇನ್ನೂ ಅಂಟಿಕೊಂಡಿದೆ. ಬರುವ ಆದಿತ್ಯವಾರ ಅದನ್ನು ಹಿಡಿದುಕೊಂಡು ಜೆಪ್ಪುವಿಗೆ ಬರುತ್ತೇನೆ. ಸುಧಾಕರಣ್ಣ, ನಿಶ್ಮಿತಾ ಇಬ್ಬರೂ ಎದುರಿಗಿರಬೇಕು — ನನ್ನ ಸುಳ್ಳು ಅವರ ಕಿವಿಗೂ ಬಿದ್ದಿದೆಯಲ್ಲ. ನಿಮ್ಮ ಮುಂದೆ ನಿಂತಾಗ ನಾಲಿಗೆ ಏಳುತ್ತದೋ ಇಲ್ಲವೋ, ಅದನ್ನು ನಂಬಲಾರೆ. ಅದಕ್ಕೇ ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೇನೆ. ಮಾತು ಹೊರಡದಿದ್ದರೆ ಓದಿಯಾದರೂ ಹೇಳುತ್ತೇನೆ.

ನೀವು ನೋಡಿದ್ದಿರಿ, ಅಕ್ಕ. ಸರಿಯಾಗಿಯೇ ನೋಡಿದ್ದಿರಿ.